ಹಾರ್ನ್ ಡಯಾಫ್ರಾಮ್ ಪದೇ ಪದೇ ಸುಡುವುದು ನಿಂತದ್ದು ಹೀಗೆ

ಸಭಾಭವನದ ಟಾಪ್ ಬಾಕ್ಸ್‌ಗಳು (ಮಾತು ಕೇಳಿಸುವ ಮುಖ್ಯ ಸ್ಪೀಕರ್‌ಗಳು) 8 ಓಮ್, 200 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ತಾಳುವ ಶಕ್ತಿ). ಸದ್ದು ಜೋರಾದ ಸ್ವಲ್ಪ ಹೊತ್ತಿಗೆ ಸ, ಶ ಕೇಳಿಸುತ್ತಿರಲಿಲ್ಲ. ಮಾತು ಕಂಬಳಿ ಹೊದ್ದಂತೆ. ಬಿಚ್ಚಿ ನೋಡಿದರೆ ಕೆಳದನಿಯ ವೂಫರ್ ಸರಿಯಿದೆ, ಮೇಲುದನಿಯ ಹಾರ್ನಿನ ವಾಯ್ಸ್ ಕಾಯಿಲ್ (ತಂತಿ ಸುರುಳಿ) ಮಾತ್ರ ಸುಟ್ಟಿದೆ.

ಹೊಸ ಡಯಾಫ್ರಾಮ್ (ಕಾಯಿಲ್ ಅಂಟಿರುವ ತೆಳು ಪೊರೆ) ಹಾಕಿದರೂ ಅದೇ ಕಥೆ. ಟ್ರೆಬಲ್ ಇಳಿಸಿದರೆ ಮಾತು ತಿಳಿಯದೆ ವಾಲ್ಯೂಮ್ ಏರಿಸಬೇಕಾಯಿತು. ಸಣ್ಣ ಆಂಪ್ (ಆಂಪ್ಲಿಫೈಯರ್) ಹಾಕಿ ಎಂಬ ಸಲಹೆ ಎಲ್ಲಕ್ಕಿಂತ ಕೆಟ್ಟದ್ದು. ಅದು ಬೇಗ ಕ್ಲಿಪ್ ಆಗುತ್ತದೆ, ಅಂದರೆ ಮಿತಿ ದಾಟಿ ಸದ್ದಿನ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ; ಕ್ಲಿಪ್ ಆದರೆ ಸರಾಸರಿ ಶಕ್ತಿ ಏರಿ, ಹೊಸದಾಗಿ ಹುಟ್ಟಿದ ಮೇಲುದನಿಯ ಕಂಪನಗಳು ಕ್ರಾಸ್‌ಓವರ್ (ಸದ್ದನ್ನು ವೂಫರ್, ಹಾರ್ನಿಗೆ ಹಂಚುವ ಸರ್ಕ್ಯೂಟ್) ದಾಟಿ ಹಾರ್ನಿಗೇ ಹೋಗುತ್ತವೆ. ಅಲ್ಲಿನ ಸಪೂರ ತಂತಿ ಆ ಬಿಸಿ ತಾಳದು.

ಕೊನೆಗೆ 300 ವ್ಯಾಟಿನ ಆಂಪ್, ಮಿಕ್ಸರ್‌ನಿಂದ ಆಂಪ್‌ಗೆ ಹೋಗುವ ದಾರಿಯಲ್ಲಿ ಲಿಮಿಟರ್ (ಸದ್ದು ಮಿತಿ ದಾಟದಂತೆ ತಡೆಯುವ ಸಾಧನ). ಕ್ರಮ ಮುಖ್ಯ: ಮೊದಲು ಸ್ಪೀಕರ್ ವೈರ್ ಬಿಚ್ಚಿ, ಆಂಪ್ ವಾಲ್ಯೂಮ್ ಸೊನ್ನೆಗೆ ತನ್ನಿ. ಲಿಮಿಟರ್ ಥ್ರೆಶೋಲ್ಡ್ (ತಡೆ ಶುರುವಾಗುವ ಮಟ್ಟ) 0 ಡಿಬಿ. ಮಿಕ್ಸರ್‌ಗೆ 50 ಹರ್ಟ್ಸ್ ಟೋನ್ ಕೊಟ್ಟು (ಅಗ್ಗದ ಮಲ್ಟಿಮೀಟರ್ ಈ ಕಂಪನದ ಆಸುಪಾಸಿನಲ್ಲೇ ಸರಿಯಾಗಿ ಅಳೆಯುವುದು) ಮಿಕ್ಸರ್‌ನ ಮೀಟರ್ +10ಕ್ಕೆ ಏರಿಸಿ, ಲಿಮಿಟರ್ ದೀಪ ಹತ್ತಲಿ. ಆಂಪ್ ಔಟ್‌ಪುಟ್‌ನಲ್ಲಿ ಎಸಿ 40 ವೋಲ್ಟ್ ಬರುವವರೆಗೆ ಮಾತ್ರ ಅದರ ವಾಲ್ಯೂಮ್ ತಿರುಗಿಸಿ. 40ರ ವರ್ಗವನ್ನು 8ರಿಂದ ಭಾಗಿಸಿದರೆ 200 ವ್ಯಾಟ್. ಕ್ಲಿಪ್ ದೀಪ ಹತ್ತಬಾರದು. ಗುಬುಟಿಗೆ ಟೇಪ್ ಹಚ್ಚಿಬಿಡಿ, ಯಾರಾದರೂ ತಿರುಗಿಸಿಯೇ ತಿರುಗಿಸುತ್ತಾರೆ.

ಟೋನ್ ನಿಲ್ಲಿಸಿ, ಆಂಪ್ ಆರಿಸಿ, ವೈರ್ ಜೋಡಿಸಿ. ಮೈಕ್ ಚಾನೆಲ್‌ಗಳ 80 ಹರ್ಟ್ಸ್ ಲೋ-ಕಟ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಗುಂಡಿ) ಒತ್ತುವುದು ಇದಾದ ಮೇಲೆ.