ಕಡುಬಣ್ಣದ ಸರಕಿಗೆ ತಕ್ಕ ಬೆಳಕು: ಮೇಳದ ಮಳಿಗೆಗೆ ದೀಪ ಆಯ್ಕೆ ಮಾಡುವ ಬಗೆ

ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನವಾಗಲಿ, ದಸರೆಯ ದಿನಗಳಲ್ಲಿ ಮಡಿಕೇರಿ, ಗೋಣಿಕೊಪ್ಪಗಳಲ್ಲಿ ಏಳುವ ಮಳಿಗೆಗಳಾಗಲಿ, ಬೆಂಗಳೂರಿನ ಸಭಾಂಗಣಗಳ ವಾಣಿಜ್ಯ ಮೇಳವಾಗಲಿ, ಕೊಡಗಿನ ಬೆಳೆಗಾರರೂ ಸ್ವಸಹಾಯ ಸಂಘಗಳೂ ಅಲ್ಲಿಗೆ ಒಯ್ಯುವ ಸರಕು ಹೆಚ್ಚಾಗಿ ಕಡುಬಣ್ಣದ್ದು. ಹುರಿದ ಕಾಫಿ, ಕಾಳುಮೆಣಸು, ಜೇನು, ಕಾಚಂಪುಳಿ (ಅಡುಗೆಗೆ ಬಳಸುವ ಕಪ್ಪು ಹುಳಿರಸ), ಮನೆಯಲ್ಲಿ ತಯಾರಿಸಿದ ಚಾಕೊಲೇಟ್, ಇವೆಲ್ಲ ತಮ್ಮ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಬಟ್ಟೆ ಅಥವಾ ಆಟಿಕೆಯ ಅಂಗಡಿಗೆ ಸಾಕಾಗುವ ಎರಡು ಟ್ಯೂಬ್‌ಲೈಟ್‌ಗಳು ಕಾಫಿಯ ಮಳಿಗೆಗೆ ಸಾಲುವುದಿಲ್ಲ. ಚಾವಣಿಯ ಬಟ್ಟೆಯೂ ಮಾರುವವರ ಮುಖವೂ ಬೆಳಗುತ್ತವೆ, ಮೇಜಿನ ಮೇಲಿನ ಮಾಲು ಮಾತ್ರ ಕಪ್ಪು ರಾಶಿಯಾಗಿ ಉಳಿಯುತ್ತದೆ. ಆದ್ದರಿಂದ ದೀಪದ ಅಂಗಡಿಗೆ ಹೋಗುವ ಮುನ್ನ ಸರಕನ್ನು ಬಣ್ಣದ ಪ್ರಕಾರ ವಿಂಗಡಿಸಿಕೊಳ್ಳುವುದು ಮೊದಲ ಕೆಲಸ.

ಎರಡನೆಯ ಹೆಜ್ಜೆಯಲ್ಲಿ ಬೆಳಕಿನ ಬಣ್ಣವನ್ನು ನಿರ್ಧರಿಸಬೇಕು. ಇದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಪೆಟ್ಟಿಗೆಯ ಮೇಲೆ ‘ವಾರ್ಮ್ ವೈಟ್’ ಎಂದಿದ್ದರೆ ಸುಮಾರು 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು, ‘ನ್ಯಾಚುರಲ್ ವೈಟ್’ ಎಂದಿದ್ದರೆ 4000ದ ಆಸುಪಾಸು, ‘ಕೂಲ್ ಡೇಲೈಟ್’ ಎಂದಿದ್ದರೆ 6500ರ ನೀಲಿ ಛಾಯೆಯ ಬಿಳುಪು. ಹುರಿದ ಕಾಫಿ, ಚಾಕೊಲೇಟ್, ಜೇನು, ಕಿತ್ತಳೆ ಇವು ಹಳದಿ ಬೆಳಕಿನಲ್ಲಿ ಕಳೆಗಟ್ಟುತ್ತವೆ. ಏಲಕ್ಕಿಗೆ ಅದೇ ದೀಪ ಹಾನಿ ಮಾಡುತ್ತದೆ, ಏಕೆಂದರೆ ಹಸಿರಿನ ಮೇಲೆ ಹಳದಿ ಬಿದ್ದಾಗ ಹೊಸ ಏಲಕ್ಕಿಯೂ ಹಿಂದಿನ ವರ್ಷದ ದಾಸ್ತಾನಿನಂತೆ ಕಾಣುತ್ತದೆ. ಹುರಿಯದ ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ತಿರುಳು ತೆಗೆದು, ತೊಳೆದು ಒಣಗಿಸಿದ ಕಾಫಿ) ಬೀಜವನ್ನು ಸಗಟು ಖರೀದಿದಾರರಿಗೆ ತೋರಿಸುವವರು ಇನ್ನೂ ಎಚ್ಚರ ವಹಿಸಬೇಕು. ಖರೀದಿದಾರರು ಬೀಜವನ್ನು ಅಂಗೈಯಲ್ಲಿ ಹರಡಿ ಅದರ ಹಸಿರುನೀಲಿ ಛಾಯೆಯನ್ನು ನೋಡಿಯೇ ಮಾತಿಗೆ ತೊಡಗುತ್ತಾರೆ. ಹಳದಿ ದೀಪದ ಕೆಳಗೆ ಆ ಛಾಯೆ ಮಾಸಿ, ಒಳ್ಳೆಯ ಮಾಲೂ ಹಳತೆನಿಸುತ್ತದೆ. ಇಂತಹ ಮೇಜಿಗೆ 4000 ಕೆಲ್ವಿನ್ ದೀಪವೇ ಯೋಗ್ಯ. ಒಂದೇ ಮಳಿಗೆಯಲ್ಲಿ ಎರಡೂ ಬಗೆಯ ಬೆಳಕು ಬೇಕಾದರೆ ಮೂಲೆಗಳನ್ನು ಬೇರ್ಪಡಿಸಬೇಕು, ಒಂದೇ ಮೇಜಿನ ಮೇಲೆ ಬೆರೆಸಬಾರದು. 6500ರ ದೀಪವನ್ನು ಆಹಾರ ಪದಾರ್ಥದ ಮೇಲೆ ಹಾಕುವ ರೂಢಿ ನಮ್ಮಲ್ಲಿ ಏಕೆ ಬೇರೂರಿದೆಯೋ ತಿಳಿಯದು. ಅದು ಹೆಚ್ಚು ಪ್ರಖರ ಎಂಬ ಭಾವನೆಯೇ ಕಾರಣವಿರಬೇಕು.

ಇದರ ಜೊತೆಗೇ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕಿಯನ್ನು ಹುಡುಕಬೇಕು. ದೀಪವು ವಸ್ತುವಿನ ನಿಜವಾದ ಬಣ್ಣವನ್ನು ಎಷ್ಟರಮಟ್ಟಿಗೆ ತೋರಿಸುತ್ತದೆ ಎಂಬುದರ ಅಳತೆ ಅದು; ಗರಿಷ್ಠ 100. ಸಾಮಾನ್ಯ ಎಲ್‌ಇಡಿಗಳಲ್ಲಿ ಇದು 80ರ ಸುಮಾರಿಗಿರುತ್ತದೆ. ಕಾಫಿ ಹಣ್ಣಿನ ಕೆಂಪು, ಕಿತ್ತಳೆಯ ಸಿಪ್ಪೆ, ಚಾಕೊಲೇಟಿನ ಕಂದು, ಇವುಗಳಿಗೆ 90 ಅಥವಾ ಅದಕ್ಕಿಂತ ಹೆಚ್ಚಿನದನ್ನೇ ಕೇಳಿ ಪಡೆಯಬೇಕು. ಅಂಗಡಿಯಲ್ಲಿಯೇ ದೀಪ ಹೊತ್ತಿಸಿ ಅಂಗೈಯನ್ನು ಅದರಡಿ ಹಿಡಿದು, ಬಳಿಕ ಬಾಗಿಲಾಚೆಯ ಹಗಲಿನಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಕಳಪೆ ದೀಪದಲ್ಲಿ ಚರ್ಮ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದೇ ಹೊತ್ತಿನಲ್ಲಿ ಮೊಬೈಲ್ ಕ್ಯಾಮೆರಾವನ್ನೂ ದೀಪದತ್ತ ಹಿಡಿಯಬೇಕು. ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದರೆ ಅದರ ಡ್ರೈವರ್, ಅಂದರೆ ದೀಪಕ್ಕೆ ವಿದ್ಯುತ್ ಹದಗೊಳಿಸಿ ಕೊಡುವ ಭಾಗ, ಅಗ್ಗದ್ದು. ಗ್ರಾಹಕರು ತೆಗೆಯುವ ಚಿತ್ರಗಳಲ್ಲಿಯೂ ಆ ಪಟ್ಟಿಗಳು ಮೂಡುತ್ತವೆ.

ದೀಪ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕಟ್ಟುವ ಜಾಗ ತಪ್ಪಿದರೆ ಖರ್ಚು ವ್ಯರ್ಥ. ಸಾಮಾನ್ಯವಾಗಿ ಮಳಿಗೆಯ ಮುಂಭಾಗದ ಅಡ್ಡಪಟ್ಟಿ ನೆಲದಿಂದ 2.5 ಮೀಟರ್ ಎತ್ತರದಲ್ಲಿ, ಮೇಜು 75 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತವೆ. ಸರಕಿನ ನೇರ ಮೇಲಿನಿಂದ ಸುಮಾರು 1 ಮೀಟರ್ ಮುಂದಕ್ಕೆ ಫೋಕಸ್ ಲೈಟ್ ಕಟ್ಟಿ ಒಳಮುಖವಾಗಿ ತಿರುಗಿಸಿದರೆ ಬೆಳಕು 30 ಡಿಗ್ರಿ ಓರೆಯಲ್ಲಿ ಬೀಳುತ್ತದೆ. ಆಗ ಗಾಜಿನ ಶೀಶೆಗಳ ಪ್ರತಿಫಲನ ನೋಡುವವರ ಕಣ್ಣಿಗೆ ಚುಚ್ಚುವುದು ಕಡಿಮೆಯಾಗುತ್ತದೆ. ಈ ಅಂತರದಲ್ಲಿ 24 ಡಿಗ್ರಿಯ ಫೋಕಸ್ ದೀಪ ಸುಮಾರು 85 ಸೆಂಟಿಮೀಟರ್ ಅಗಲದ ವೃತ್ತವನ್ನೂ, 36 ಡಿಗ್ರಿಯದ್ದು 1.3 ಮೀಟರ್ ಅಗಲದ ವೃತ್ತವನ್ನೂ ಬೆಳಗುತ್ತದೆ. ಆರಡಿಯ ಒಂದು ಮೇಜಿಗೆ 24 ಡಿಗ್ರಿಯ ಎರಡು ದೀಪಗಳು ಬೇಕೆಂದು ಇದರಿಂದಲೇ ಲೆಕ್ಕ ಹಾಕಬಹುದು. ಗ್ರಾಹಕರು ಬಗ್ಗಿದಾಗ ಅವರದೇ ನೆರಳು ಮಾಲಿನ ಮೇಲೆ ಬೀಳದಂತೆ ಈ ಎರಡನ್ನೂ ಎಡ ಬಲಗಳಿಂದ ಹಾಯಿಸಬೇಕು.

ಜೇನಿಗೆ ಮಾತ್ರ ಈ ನಿಯಮ ಹೊಂದುವುದಿಲ್ಲ. ಮುಂದಿನಿಂದ ಬೆಳಕು ಹಾಯಿಸಿದರೆ ಶೀಶೆಯ ಗಾಜು ಹೊಳೆಯುತ್ತದೆಯೇ ವಿನಾ ಜೇನಲ್ಲ. ಕಪಾಟಿನ ಹಿಂಬದಿಗೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಇಟ್ಟು, ಅದರ ಹಿಂದೆ ಎಲ್‌ಇಡಿ ಪಟ್ಟಿ ಅಂಟಿಸಿದರೆ ಬೆಳಕು ಜೇನಿನ ಮೂಲಕವೇ ಹಾದು ಬರುತ್ತದೆ, ಒಂದೊಂದು ಶೀಶೆಯ ಬಣ್ಣದ ಭೇದವೂ ತಿಳಿಯುತ್ತದೆ. ಕಾಳುಮೆಣಸಿಗೆ ಬದಿಯಿಂದ, ತುಸು ಕೆಳಮಟ್ಟದಿಂದ ಬರುವ ಬೆಳಕು ಸೂಕ್ತ. ಕಾಳಿನ ಸುಕ್ಕುಗಳು ಎದ್ದು ಕಾಣುತ್ತವೆ. ಇಂತಹ ಕಪ್ಪು ಸರಕಿನ ಕೆಳಗೆ ಅಚ್ಚ ಬಿಳಿ ಬಟ್ಟೆ ಹಾಸಬಾರದು: ಬಿಳುಪೇ ಕಣ್ಣನ್ನು ಸೆಳೆದು ಕಾಳು ಇನ್ನಷ್ಟು ಕಪ್ಪಾಗುತ್ತದೆ. ಬಿದಿರಿನ ಮೊರ ಅಥವಾ ಬಣ್ಣ ಹಾಕದ ಹತ್ತಿ ಬಟ್ಟೆ ಸಾಕು.

ಬೆಳಕಿನ ಪ್ರಮಾಣವನ್ನು ವ್ಯಾಟ್ ನೋಡಿ ಅಳೆಯಬಾರದು, ದೀಪ ಸೂಸುವ ಒಟ್ಟು ಬೆಳಕಿನ ಅಳತೆಯಾದ ಲ್ಯೂಮೆನ್ ನೋಡಬೇಕು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮಳಿಗೆಗೆ ಸರಾಸರಿ 500 ಲಕ್ಸ್ (ಪ್ರತಿ ಚದರ ಮೀಟರಿಗೆ 500 ಲ್ಯೂಮೆನ್) ಬೇಕೆಂದರೆ 4500 ಲ್ಯೂಮೆನ್. ಪೋಲಾಗುವುದನ್ನು ಸೇರಿಸಿ 6000 ಎಂದಿಟ್ಟುಕೊಳ್ಳಬಹುದು. ಇಂದಿನ ಎಲ್‌ಇಡಿಗಳಲ್ಲಿ ಅದಕ್ಕೆ 60ರಿಂದ 70 ವ್ಯಾಟ್ ಸಾಕು. ಈ ಬೆಳಕನ್ನು ಸಮನಾಗಿ ಹರಡದೆ, ಹಿನ್ನೆಲೆಗಿಂತ ಸರಕಿನ ಮೇಲೆ ಮೂರು ಪಟ್ಟು ಹೆಚ್ಚು ಬೀಳುವಂತೆ ಹಂಚಬೇಕು. ಹಳೆಯ ಹ್ಯಾಲೊಜೆನ್ ದೀಪಗಳನ್ನು ಬಾಡಿಗೆಗೆ ಕೊಡಲು ಬಂದರೆ ಒಪ್ಪಬೇಡಿ. ಅವುಗಳ ಕಾವಿಗೆ ಚಾಕೊಲೇಟ್ ಕರಗುತ್ತದೆ.

ಬಯಲಿನಲ್ಲಿ ಶಾಮಿಯಾನದಡಿ ನಡೆಯುವ ಮೇಳಗಳಲ್ಲಿ ಇನ್ನೆರಡು ಸಂಗತಿಗಳಿವೆ. ಕೆಂಪು, ಹಳದಿ ಬಟ್ಟೆಯ ಚಾವಣಿ ಹಗಲಿನಲ್ಲಿ ಎಲ್ಲ ಸರಕಿಗೂ ತನ್ನ ಬಣ್ಣವನ್ನೇ ಬಳಿಯುತ್ತದೆ, ಆದ್ದರಿಂದ ಬಿಳಿ ಬಟ್ಟೆಯನ್ನು ಮೊದಲೇ ಕೇಳಿಕೊಳ್ಳಬೇಕು. ಮಡಿಕೇರಿಯ ಸಂಜೆಗಳಲ್ಲಿ ಮಂಜು ಇಳಿದಾಗ ಹೊರಮುಖವಾಗಿ ಕಟ್ಟಿದ ದೀಪಗಳು ಮಂಜನ್ನೇ ಬೆಳಗಿ ಮಳಿಗೆಯನ್ನು ಮಸುಕಾಗಿಸುತ್ತವೆ. ಹೆಸರಿನ ಫಲಕದ ದೀಪವೂ ಫಲಕದತ್ತಲೇ ತಿರುಗಿರಲಿ. ಹೊರಗಿನ ದೀಪಗಳಿಗೆ ಐಪಿ65 ದರ್ಜೆ (ದೂಳು, ನೀರಿನಿಂದ ರಕ್ಷಣೆಯ ಗುರುತು) ಇದ್ದರೆ ಮಳೆಗೂ ಅಂಜಬೇಕಿಲ್ಲ.

ವಿದ್ಯುತ್ ಸಂಪರ್ಕದ ವಿಷಯದಲ್ಲಿ, ಆಯೋಜಕರು ಕೊಡುವುದು ಎಷ್ಟು ಆಂಪಿಯರ್‌ನ ಸಾಕೆಟ್ ಎಂದು ಮೊದಲೇ ವಿಚಾರಿಸಬೇಕು. 6 ಆಂಪಿಯರ್ ಸಾಕೆಟ್ 1380 ವ್ಯಾಟ್‌ನಷ್ಟೇ ತಡೆದುಕೊಳ್ಳುತ್ತದೆ. ದೀಪಗಳಿಗೆ ಇದು ಧಾರಾಳವಾದರೂ, ರುಚಿ ನೋಡಲು ಕಾಫಿ ಕಾಯಿಸುವ 1500 ವ್ಯಾಟ್‌ನ ಕೆಟಲನ್ನು ಅದಕ್ಕೇ ಸಿಕ್ಕಿಸಿದರೆ ದೀಪಗಳೂ ಆರಬಹುದು. ಕೆಟಲಿಗೆ 16 ಆಂಪಿಯರ್‌ನ ಪ್ರತ್ಯೇಕ ಲೈನ್ ಬೇಕು. ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ಇಡುವುದು ಅಪಾಯಕಾರಿ. ಅದನ್ನು ಮೇಜಿನ ಕಾಲಿಗೆ ಎತ್ತಿ ಕಟ್ಟಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ಉದ್ಘಾಟನೆಯ ಹಿಂದಿನ ಸಂಜೆಯೇ ಎಲ್ಲ ದೀಪಗಳನ್ನೂ ಹೊತ್ತಿಸಿ, ಗ್ರಾಹಕರು ನಡೆದಾಡುವ ದಾರಿಯಲ್ಲಿ ನಿಂತು ನೋಡಬೇಕು. ಯಾವ ದೀಪವೂ ನೇರವಾಗಿ ಕಣ್ಣಿಗೆ ಹೊಡೆಯಬಾರದು. ಬೆಲೆಯ ಚೀಟಿಯೂ, ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಯ ಗುರುತನ್ನು ಪೊಟ್ಟಣದ ಮೇಲೆ ಹಾಕಿಸಿದ್ದರೆ ಅದೂ ಎರಡು ಮೀಟರ್ ದೂರದಿಂದ ಕಾಣಬೇಕು. ಮಾರಾಟವಾಗುತ್ತ ಹೋದಂತೆ ಮೇಜಿನ ಜೋಡಣೆ ಬದಲಾಗುತ್ತದೆಯಾದ್ದರಿಂದ, ಪ್ರತಿದಿನ ಬೆಳಿಗ್ಗೆ ಸರಕು ಇಟ್ಟಾದ ಮೇಲೆ ಒಬ್ಬರು ಏಣಿ ಹತ್ತಿ ಫೋಕಸ್ ಲೈಟ್‌ಗಳ ದಿಕ್ಕನ್ನು ಸರಿಪಡಿಸುವ ಏರ್ಪಾಡು ಇರಲಿ.