ಕ್ಯಾಜುವಲ್ಟಿಯ ಕೇಸ್ ಪೇಪರ್: ನಾನು ಬರೆಯುವ ಬಗೆ

ಮುಂಬಯಿಯ ಒಂದು ಸರಕಾರಿ ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ನಾನು ಸ್ಟಾಫ್ ನರ್ಸ್. ಊರು ಕುಂದಾಪುರದ ಕಡೆ. ಹೊಸಬರು ನನ್ನ ಪಾಳಿಗೆ ಬಂದರೆ ಮೊದಲ ದಿನವೇ ಅವರನ್ನು ರೋಗಿಯ ವಿವರ ಬರೆಯುವ ಕೇಸ್ ಪೇಪರಿನ ಮುಂದೆ ಕೂರಿಸುತ್ತೇನೆ. ರೋಗಿ ನಮ್ಮಲ್ಲಿ ಇರುವುದು ಒಂದೋ ಎರಡೋ ಗಂಟೆ. ಆಮೇಲೆ ಐಸಿಯುಗೋ, ಆಪರೇಷನ್ ಥಿಯೇಟರಿಗೋ, ಬೇರೆ ಆಸ್ಪತ್ರೆಗೋ ಹೋಗುತ್ತಾನೆ. ಅಲ್ಲಿಯವರ ಕೈಗೆ ಸಿಗುವುದು ನಮ್ಮ ಕಾಗದ ಮಾತ್ರ. ಅದರಲ್ಲಿ ಗಂಟೆ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಅರ್ಧ.

ಗಂಟೆ ಅಂದರೆ ಯಾವ ಗಡಿಯಾರದ ಗಂಟೆ? ಗೋಡೆ ಗಡಿಯಾರ ಒಂದು ಹೇಳುತ್ತದೆ, ಮಾನಿಟರ್ ಇನ್ನೊಂದು. ಇಸಿಜಿ ಮೆಷಿನ್ನಿನ ಬ್ಯಾಟರಿ ಇಳಿದಿದ್ದರೆ ಅದು ಪಟ್ಟಿಯ ಮೇಲೆ ಯಾವುದೋ ತಾರೀಖನ್ನೇ ಮುದ್ರಿಸಿಬಿಡುತ್ತದೆ. ಎದೆನೋವಿನ ರೋಗಿಗೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಪಟ್ಟಿಯ ಮೇಲಿನ ಸಮಯ ರೋಗಿ ಬಂದದ್ದಕ್ಕಿಂತ ಮುಂಚಿನದಾಗಿದ್ದರೆ ಓದುವವರು ಏನೆಂದುಕೊಳ್ಳಬೇಕು? ಹಾಗಾಗಿ ಪಾಳಿ ಶುರುವಾದ ಕೂಡಲೇ ನಾನು ಮೊಬೈಲ್ ಹಿಡಿದು ಎಲ್ಲ ಮೆಷಿನ್ನುಗಳ ಸಮಯ ಹೊಂದಿಸುತ್ತೇನೆ. ಹೊಂದಿಸಲು ಬಾರದ ಮೆಷಿನ್ ಇದ್ದರೆ ಎಷ್ಟು ನಿಮಿಷ ಹಿಂದಿದೆ ಎಂದು ಟೇಪ್ ಅಂಟಿಸಿ ಬರೆಯುತ್ತೇನೆ. ಬರೆಯುವಾಗ 24 ಗಂಟೆಯ ಲೆಕ್ಕವೇ. ‘8 ಗಂಟೆ’ ಎಂದರೆ ಬೆಳಿಗ್ಗೆಯೋ ರಾತ್ರಿಯೋ ಎಂದು ಎರಡು ವರ್ಷದ ನಂತರ ಕೋರ್ಟಿನಲ್ಲಿ ಯಾರೂ ಕೇಳುವಂತಾಗಬಾರದು.

ಗಂಟೆಯ ಬೆಲೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಲಕ್ವ ಹೊಡೆದವರಲ್ಲಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಈ ಲೆಕ್ಕ ಶುರುವಾಗುವುದು ಮನುಷ್ಯ ಬಿದ್ದದ್ದನ್ನು ಜನ ಕಂಡ ಹೊತ್ತಿನಿಂದಲ್ಲ, ಅವನು ಸರಿಯಾಗಿದ್ದದ್ದನ್ನು ಯಾರಾದರೂ ಕೊನೆಯದಾಗಿ ಕಂಡ ಹೊತ್ತಿನಿಂದ. ಕರೆತಂದವರು ಮಾತ್ರ ಯಾವಾಗಲೂ ತಾವು ಕಂಡ ಹೊತ್ತನ್ನೇ ಹೇಳುತ್ತಾರೆ.

ಒಂದು ಬೆಳಿಗ್ಗೆ ಉಡುಪಿ ಹೋಟೆಲೊಂದರ ಮಧ್ಯವಯಸ್ಸಿನ ಅಡುಗೆಯವರನ್ನು ಟ್ಯಾಕ್ಸಿಯಲ್ಲಿ ತಂದರು. ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತಿರಲಿಲ್ಲ. ಜೊತೆಗಿದ್ದ ಮೂವರೂ ನಮ್ಮ ಕಡೆಯ ಹುಡುಗರು. ಹಿಂದಿಯಲ್ಲಿ ಕೇಳಿದ ಡಾಕ್ಟರಿಗೆ ‘ಛೇ ಬಜೇ’ ಎಂದಿದ್ದರು. ನಾನು ಕನ್ನಡದಲ್ಲಿ ಮತ್ತೆ ಕೇಳಿದೆ. ‘ಆರ್ ಗಂಟಿಗ್ ಕಂಡ್ರೆ ಏಳ್ಲೇ ಇಲ್ಲೆ ಅಕ್ಕ.’ ಅದಕ್ಕೆ ಮುಂಚೆ ಅವರನ್ನು ಯಾರು ನೋಡಿದ್ದರು? ರಾತ್ರಿ ಹನ್ನೆರಡೂವರೆಗೆ ಎಲ್ಲರೂ ಮಲಗಿದ್ದರಂತೆ. ಹಾಗಾದರೆ ಇಂಜೆಕ್ಷನ್ನಿನ ಸಮಯ ಆಗಲೇ ಮೀರಿತ್ತು. ನಡುವೆ ಯಾರಾದರೂ ಎದ್ದಿದ್ದರಾ ಎಂದು ಕೇಳಿದಾಗ ಮೂರನೆಯವನು ಬಾಯಿಬಿಟ್ಟ. ನಾಲ್ಕು ಗಂಟೆಗೆ ಇಡ್ಲಿ ಇಡಲು ಅವನು ಎದ್ದಿದ್ದ. ‘ಲೈಟ್ ಆರ್ಸಾ ಮಾರಾಯ’ ಎಂದು ಇವರು ಸ್ಪಷ್ಟವಾಗಿ ಬೈದಿದ್ದರು. ನಾಲ್ಕು ಅಂದರೆ ಅಂದಾಜಾ? ಮೊಬೈಲಿನ ಅಲಾರಾಂ ತೋರಿಸಿದ, 4.10.

ಕೇಸ್ ಪೇಪರಿನಲ್ಲಿ ಹೀಗೆ ಬರೆದೆವು: ‘ಕೊನೆಯದಾಗಿ ಸರಿಯಾಗಿ ಕಂಡದ್ದು 04.10, ಸ್ಪಷ್ಟ ಮಾತು, ಹೇಳಿದವರು ಸಹೋದ್ಯೋಗಿ, ಅಲಾರಾಂ ನೋಡಿ ಖಚಿತಪಡಿಸಿದೆ. ಬಿದ್ದಿದ್ದನ್ನು ಕಂಡದ್ದು 06.00. ಆಸ್ಪತ್ರೆಗೆ ಬಂದದ್ದು 06.40.’ ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಇಂಜೆಕ್ಷನ್ ಕೊಡುವುದೋ ಬೇಡವೋ ಎಂಬುದು ವೈದ್ಯರ ತೀರ್ಮಾನ, ಕೊಟ್ಟರು. ಆ ತೀರ್ಮಾನಕ್ಕೆ ಜಾಗ ಉಳಿದದ್ದು 04.10 ಎಂಬ ಒಂದು ಅಂಕಿಯಿಂದ. ಅಂದಿನಿಂದ ಈ ಮೂರು ಸಮಯಗಳನ್ನು ನಾನು ಯಾವಾಗಲೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇನೆ. ಯಾರು ಹೇಳಿದರು ಎಂಬುದನ್ನೂ ಬಿಡುವುದಿಲ್ಲ.

ಎದೆಬಡಿತ ನಿಂತ ರೋಗಿಯ ಸುತ್ತ ಐದಾರು ಜನ ಸೇರಿದಾಗ ಬರೆಯುವ ಕೆಲಸವೇ ಮೊದಲು ತಪ್ಪಿಹೋಗುತ್ತದೆ. ಎಲ್ಲ ಮುಗಿದ ಮೇಲೆ ನೆನಪಿಸಿಕೊಂಡು ಬರೆದ ಹಾಳೆಯಲ್ಲಿ, ನಿಂತ ಹೃದಯಕ್ಕೆಂದು ಕೊಡುವ ಅಡ್ರಿನಲಿನ್ ಎಲ್ಲವೂ ಅಚ್ಚುಕಟ್ಟಾಗಿ ಐದೈದು ನಿಮಿಷಕ್ಕೇ ಬಿದ್ದಿರುತ್ತದೆ. ಅಂಥ ಹಾಳೆಯನ್ನು ನಾನು ನಂಬುವುದಿಲ್ಲ. ನನ್ನ ಪಾಳಿಯಲ್ಲಿ ಒಬ್ಬರ ಕೈಗೆ ಪೆನ್ನು ಮಾತ್ರ. ಅವರು ಸಿರಿಂಜ್ ಮುಟ್ಟುವಂತಿಲ್ಲ, ಎದೆ ಒತ್ತುವಂತಿಲ್ಲ. ಮಂಚದ ಕಾಲಬಳಿ ಮಾನಿಟರ್ ಕಾಣುವಂತೆ ನಿಂತು, ಬರೆದದ್ದನ್ನು ಗಟ್ಟಿಯಾಗಿ ಹೇಳಬೇಕು: ‘ಎರಡು ನಿಮಿಷ ಆಯಿತು, ರಿದಮ್ ನೋಡಿ.’ ‘ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಟ್ಟು ಮೂರು ನಿಮಿಷ ಆಯಿತು.’ ಮೂರರಿಂದ ಐದು ನಿಮಿಷಕ್ಕೊಮ್ಮೆ ಕೊಡಬೇಕಾದ ಮದ್ದು ಅದು. ಗಲಾಟೆಯಲ್ಲಿ ಎರಡು ನಿಮಿಷ ಹತ್ತರಂತೆ ಅನಿಸುತ್ತದೆ, ಹತ್ತು ಎರಡರಂತೆ. ಗಟ್ಟಿಯಾಗಿ ಓದುವ ಪೆನ್ನಿನವರಿದ್ದರೆ ಕೆಲಸವೇ ಆ ಲಯಕ್ಕೆ ಬರುತ್ತದೆ. ಜನ ಕಡಿಮೆ ಇರುವ ರಾತ್ರಿಯಲ್ಲಿ ಇದಕ್ಕೊಬ್ಬರು ಬೇಕಾ ಎಂದು ಕೇಳುತ್ತಾರೆ. ಬೇಕು. ವಾರ್ಡ್ ಬಾಯ್ ಆದರೂ ಸರಿ, ಗಡಿಯಾರ ನೋಡಿ ಅಂಕಿ ಬರೆಯಲು ಬಂದರೆ ಸಾಕು. ಸಹಿ ಮಾಡುವ ಮೊದಲು ನಾವು ಪರಿಶೀಲಿಸುತ್ತೇವೆ.

ಇನ್ನು ಪದಗಳ ಮಾತು. ಕೇಸ್ ಪೇಪರಿನಲ್ಲಿ ‘ಕುಡಿದಿದ್ದಾನೆ’ ಎಂದು ಬರೆಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಕಂಡದ್ದನ್ನು ಬರೆಯಿರಿ: ಬಾಯಿಂದ ಮದ್ಯದ ವಾಸನೆ ಇದೆ ಅಥವಾ ಇಲ್ಲ, ಮಾತು ತೊದಲುತ್ತಿದೆ, ಬೆವರಿದ್ದಾನೆ, ಬೆರಳಿನ ಶುಗರ್ ಇಷ್ಟು. ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ಕೂಲಿಗೆ ನಿಲ್ಲುವ ಯಾದಗಿರಿ, ಕಲಬುರಗಿ ಕಡೆಯವರನ್ನು ಪೊಲೀಸರು ‘ದಾರೂ ಕೇಸ್’ ಎಂದು ಬಿಟ್ಟುಹೋಗುವುದುಂಟು. ಹಾಗೆ ಬಂದವನೊಬ್ಬನ ತಮ್ಮ ಬಾಗಿಲಲ್ಲೇ ಅಳುತ್ತಿದ್ದ: ‘ಕುಡುದಿಲ್ರಿ ಅಕ್ಕಾ, ಮುಂಜಾನಿಂದ ಏನೂ ತಿಂದಿಲ್ಲ, ಸಕ್ಕರಿ ಗುಳಿಗಿ ಅಷ್ಟ ನುಂಗ್ಯಾನ.’ ಶುಗರ್ 38 ಇತ್ತು, ತೀರಾ ಕಡಿಮೆ. ಡೆಕ್ಸ್ಟ್ರೋಸ್ (ಸಕ್ಕರೆಯ ದ್ರಾವಣ) ಹೋದ ಸ್ವಲ್ಪ ಹೊತ್ತಿಗೆ ಎದ್ದು ಕೂತು ನೀರು ಕೇಳಿದ. ಅಲ್ಲಿಗೆ ಕಾಗದ ಮುಗಿಯಲಿಲ್ಲ. ಯಾವ ಗುಳಿಗೆ, ಎಷ್ಟು ಗಂಟೆಗೆ ನುಂಗಿದ್ದು ಎಂದು ಬರೆಯಬೇಕಿತ್ತು. ಗ್ಲಿಮಿಪಿರೈಡ್‌ನಂಥ ಗುಳಿಗೆಯಾದರೆ ಶುಗರ್ ಗಂಟೆಗಳ ನಂತರವೂ ಮತ್ತೆ ಇಳಿಯಬಹುದು, ಮನೆಗೆ ಕಳಿಸುವಂತಿಲ್ಲ. ಮೊದಲ ಸಾಲಿನಲ್ಲಿ ‘ಕುಡಿದಿದ್ದಾನೆ’ ಎಂದಿದ್ದರೆ ಮುಂದಿನ ಪಾಳಿಯವರು ಅವನನ್ನು ಮೂಲೆಯಲ್ಲಿ ಮಲಗಲು ಬಿಡುತ್ತಿದ್ದರು.

ತಲೆಗೆ ಪೆಟ್ಟಾದವರ ಎಚ್ಚರ ಎಷ್ಟಿದೆ ಎಂದು ಹೇಳುವ ಪ್ರಜ್ಞೆಯ ಅಂಕವೂ ಹಾಗೆಯೇ. ಬರೀ 9 ಎಂದರೆ ಸಾಲದು. ಕಣ್ಣು 2, ಮಾತು 2, ಚಲನೆ 5 ಎಂದು ಬಿಡಿಸಿ ಬರೆದರೆ, ಅರ್ಧ ಗಂಟೆಯ ನಂತರ ಯಾವುದು ಇಳಿಯಿತು ಎಂದು ತಿಳಿಯುತ್ತದೆ. ಮಳೆಗಾಲದ ಜ್ವರದಲ್ಲಿ ‘ನೀರಲ್ಲಿ ನಡೆದಿದ್ದೀರಾ’ ಎಂಬ ಪ್ರಶ್ನೆಗೆ ನಿನ್ನೆಯ ಉತ್ತರ ಸಾಕಾಗದು. ಕೊಳಕು ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ ಬೇಕು. ಹಿಂದಿನ ಎರಡು ಮೂರು ವಾರಗಳದ್ದನ್ನು ಕೇಳಿ, ಕಾಲಿನಲ್ಲಿ ಗಾಯವಿತ್ತೇ ಎಂದೂ ಬರೆಯುತ್ತೇವೆ.

ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಎಂದರೆ ಜನ ಹೆದರುತ್ತಾರೆ, ಪೊಲೀಸ್ ಕಾಗದ ಆಗದೆ ಮುಟ್ಟುವುದಿಲ್ಲವೇನೋ ಎಂದು. ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮೊದಲು ಜೀವ ಉಳಿಸುವ ಚಿಕಿತ್ಸೆ, ಕಾನೂನಿನ ಕ್ರಮ ಆಮೇಲೆ. ಲೋಕಲ್ ಟ್ರೇನಿನಿಂದ ಬಿದ್ದವರು ಸ್ಟೇಷನ್ ಮಾಸ್ತರರ ಮೆಮೊ ಜೊತೆಗೆ ಬರುತ್ತಾರೆ. ಅದನ್ನು ಕೇಸ್ ಪೇಪರಿಗೇ ಸ್ಟೇಪಲ್ ಮಾಡುತ್ತೇನೆ, ಇಲ್ಲದಿದ್ದರೆ ಕಳೆದೇಹೋಗುತ್ತದೆ. ಹೆಸರು ಗೊತ್ತಿಲ್ಲದವರಿಗೆ ನಂಬರ್ ಕೊಟ್ಟು ಕೈಪಟ್ಟಿ ಕಟ್ಟುತ್ತೇವೆ. ಮಂಚದ ಸಂಖ್ಯೆಯಿಂದ ಯಾರನ್ನೂ ಗುರುತಿಸಬಾರದು, ಮಂಚ ಬದಲಾಗುತ್ತಲೇ ಇರುತ್ತದೆ. ತಿದ್ದಬೇಕಾದರೆ ಒಂದೇ ಗೆರೆ ಎಳೆದು, ಹಳೆಯದು ಓದಲು ಸಿಗುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಮತ್ತು ಸಮಯ. ವೈಟ್ನರ್ ನಮ್ಮ ಮೇಜಿನ ಮೇಲೆ ಇಲ್ಲವೇ ಇಲ್ಲ. ತಡವಾಗಿ ಬರೆದರೆ ‘ತಡವಾಗಿ ಬರೆದದ್ದು’ ಎಂದೇ ಬರೆದು ಎರಡೂ ಸಮಯ ಹಾಕುವುದು.

ಮುಂಬಯಿಯಲ್ಲಿ ರೂಮು ಮಾಡಿಕೊಂಡಿರುವ, ಹೋಟೆಲುಗಳಲ್ಲಿ ಒಟ್ಟಿಗೆ ಮಲಗುವ ನಮ್ಮವರಲ್ಲಿ ಒಂದು ವಿನಂತಿ. ಗೋಡೆಗೆ ಒಂದು ಹಾಳೆ ಅಂಟಿಸಿ: ಪ್ರತಿಯೊಬ್ಬರ ಪೂರ್ಣ ಹೆಸರು, ವಯಸ್ಸು, ಊರಿನ ಮನೆಯ ಫೋನ್, ಬಿಪಿ ಶುಗರ್ ಇದೆಯಾ, ಯಾವ ಗುಳಿಗೆ, ಯಾವ ಮದ್ದು ಆಗುವುದಿಲ್ಲ. ಯಾರಿಗಾದರೂ ಏನಾದರೂ ಆದರೆ ಗುಳಿಗೆಯ ಸ್ಟ್ರಿಪ್ಪುಗಳನ್ನು ಖಾಲಿಯಾದದ್ದೂ ಸೇರಿ ಹಳೆಯ ಡಿಸ್ಚಾರ್ಜ್ ಕಾರ್ಡಿನ ಜೊತೆ ಚೀಲಕ್ಕೆ ಹಾಕಿಕೊಂಡು ಬನ್ನಿ. ಕೊನೆಯದಾಗಿ ಮಾತಾಡಿದವನು ಯಾರೋ ಅವನೇ ಜೊತೆಗೆ ಬರಲಿ, ಬಾರದಿದ್ದರೆ ಫೋನಿಗಾದರೂ ಸಿಗಲಿ. ಕರೆತಂದವನಿಗೆ ಹಿಂದಿ, ಮರಾಠಿ ಸರಿಯಾಗಿ ಬಾರದಿದ್ದರೆ ನಾಚಿಕೊಳ್ಳಬೇಡಿ. ಕನ್ನಡ ಬಲ್ಲ ಸಿಸ್ಟರ್ ಇದ್ದಾರಾ ಎಂದು ಕೇಳಿ. ಮುಂಬಯಿಯ ಆಸ್ಪತ್ರೆಗಳಲ್ಲಿ ನಮ್ಮವರು ಯಾರಾದರೂ ಸಿಗುತ್ತಾರೆ. ಮುಂದೆ ವಿಮೆಗೋ ಬೇರೆ ಚಿಕಿತ್ಸೆಗೋ ದಾಖಲೆ ಬೇಕಾದರೆ ಬರವಣಿಗೆಯಲ್ಲಿ ಅರ್ಜಿ ಕೊಡಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ಅದನ್ನು ಕೊಡಬೇಕು.