ಬೆಂಗಳೂರಿನ ಗಾಳಿಗೆ ಕಟ್ಟಿದ ಎಂಜಿನ್

ನನ್ನ ರೇಸ್ ಕಾರು ಹಳೇ ಮಾರುತಿ ಎಸ್ಟೀಮ್. 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಅವನ್ನು ತೆರೆಯುವ ಕ್ಯಾಮ್ ಒಂದೇ. ಕಂಪನಿಯಿಂದ ಬರುವಾಗ 85 ಬಿಎಚ್‌ಪಿ. ನಾನು ಓಡಿಸುವ ಕ್ಲಾಸಿನಲ್ಲಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಹಾಕುವ ಹಾಗಿಲ್ಲ, ಸಿಸಿ ಹೆಚ್ಚಿಸುವ ಹಾಗೂ ಇಲ್ಲ. 'ಟರ್ಬೊ ಹಾಕ್ಸಿ ಮುಗಿಸೋದಲ್ವಾ' ಅಂತ ಕೇಳುವವರಿಗೆ ಇದೇ ಉತ್ತರ.

ಸ್ಪ್ಯಾನರ್ ಹಿಡಿಯುವ ಮುಂಚೆ ಒಂದು ಲೆಕ್ಕ ಹಾಕಿದೆ. ನ್ಯೂಟನ್ ಮೀಟರ್ ಲೆಕ್ಕದ ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಗಿಸುವ ಬಲವನ್ನು, ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ 7121ರಿಂದ ಭಾಗಿಸಿದರೆ ಬಿಎಚ್‌ಪಿ ಸಿಗುತ್ತದೆ. 6000 ಆರ್‌ಪಿಎಂನಲ್ಲಿ 85 ಬಿಎಚ್‌ಪಿ ಅಂದರೆ ಅಲ್ಲಿ ಟಾರ್ಕ್ ಸುಮಾರು 101. ಗಾಳಿಯನ್ನು ತಾನೇ ಎಳೆದುಕೊಳ್ಳುವ ಸಣ್ಣ ಎಂಜಿನ್ನಿನಲ್ಲಿ ಟಾರ್ಕನ್ನು ಎಷ್ಟು ಹಿಂಡಿದರೂ ಚೂರೇ ಸಿಗೋದು. ಆದರೆ ಅದೇ 101 ಅನ್ನು 7500ರವರೆಗೂ ಬೀಳದ ಹಾಗೆ ಹಿಡಿದಿಟ್ಟರೆ 106 ಬಿಎಚ್‌ಪಿ ಆಗುತ್ತದೆ. ಮೇಲಿನ ಆರ್‌ಪಿಎಂನಲ್ಲೂ ಎಂಜಿನ್ನಿಗೆ ಉಸಿರು ಕಟ್ಟಬಾರದು, ಕೆಲಸ ಇಷ್ಟೇ. ಅಷ್ಟು ತಿರುಗಿದಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19 ಮೀಟರ್ ಹತ್ತಿರ ಬರುತ್ತದೆ. ಅದಕ್ಕೇ ಮೊದಲು ಕನೆಕ್ಟಿಂಗ್ ರಾಡಿಗೆ ಹೊಸ ಬೋಲ್ಟ್ ಹಾಕಿಸಿದೆ.

ಶಿವಾಜಿನಗರದ ಗುಜರಿಯಲ್ಲಿ ಎರಡು ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ತಂದೆ. ಮೊದಲನೆಯದನ್ನು ನಾನೇ ಕೆಡಿಸಿದೆ. ಗ್ರೈಂಡರ್ ಹಿಡಿದು ಇನ್‌ಲೆಟ್ ಪೋರ್ಟುಗಳನ್ನು, ಅಂದರೆ ಗಾಳಿ ಒಳಬರುವ ದಾರಿಗಳನ್ನು, ತೋಡಿದ್ದೇ ತೋಡಿದ್ದು. ಆಮೇಲೆ ಕನ್ನಡಿ ಥರ ಪಾಲಿಶ್. ಹೆಂಡತಿಯನ್ನು ಕರೆದು ತೋರಿಸಿದ್ದೂ ಆಯ್ತು. ವಾಲ್ವ್ ಬಂದು ಕೂರುವ ಸೀಟನ್ನು ಕಟಿಂಗಿಗೆ ಕೊಡಲು ಹೋದರೆ ಅಂಗಡಿಯ ಭಾಯ್ ಪೋರ್ಟಿನೊಳಗೆ ಎರಡು ಬೆರಳು ತೂರಿಸಿ ನನ್ನ ಮುಖ ನೋಡಿದರು.

"ಏನ್ ಸಾರ್ ಇದು, ಪೋರ್ಟಾ ಮೋರಿನಾ?"

ಅವರು ಹೇಳಿದ್ದು ಸರಿಯಾಗಿತ್ತು. ದಾರಿ ದೊಡ್ಡದಾದರೆ ಗಾಳಿಯ ವೇಗ ಇಳಿಯುತ್ತದೆ. ವೇಗವೇ ಇಲ್ಲದಿದ್ದರೆ ಗಾಳಿ ಸಿಲಿಂಡರಿಗೆ ನುಗ್ಗಿ ತುಂಬಿಕೊಳ್ಳುವುದಿಲ್ಲ. ನುಣುಪು ಗೋಡೆಗೆ ಪೆಟ್ರೋಲು ಬೇರೆ ಅಂಟಿಕೊಂಡು ಹರಿಯುತ್ತದೆ. ಆ ಹೆಡ್ ಹಾಕಿ ನೋಡಿದಾಗ 5000ದ ಕೆಳಗೆ ಕಾರು ಸತ್ತೇ ಹೋಗಿತ್ತು.

ಎರಡನೇ ಹೆಡ್ಡಿನಲ್ಲಿ ಪೋರ್ಟಿನ ಅಳತೆ ಮುಟ್ಟಲಿಲ್ಲ. ವಾಲ್ವಿನ ಹತ್ತಿರದ ಕೊನೇ ಒಂದೆರಡು ಸೆಂಟಿಮೀಟರಿನಲ್ಲಿ ಮಾತ್ರ ಕೆಲಸ. ಸೀಟಿನ ಕೆಳಗಿನ ಏಣು ತೆಗೆದು ನಯ ಮಾಡಿದ್ದು, ವಾಲ್ವಿನ ಕಡ್ಡಿ ಓಡಾಡುವ ಗೈಡಿನ ಸುತ್ತಲಿನ ದಪ್ಪ ಇಳಿಸಿದ್ದು, ಭಾಯ್ ಕೈಯಲ್ಲಿ 30, 45, 60 ಡಿಗ್ರಿಯ ಮೂರು ಕಟಿಂಗ್ ಮಾಡಿಸಿದ್ದು. ಪೋರ್ಟಿನ ಗೋಡೆಯನ್ನು ಒರಟಾಗೇ ಬಿಟ್ಟೆ. ನೋಡಲು ಏನೂ ಚೆಂದವಿಲ್ಲ. ಈ ಪ್ರಾಜೆಕ್ಟಿನಲ್ಲಿ ಖರ್ಚಿಗೆ ತಕ್ಕ ಫಲ ಕೊಟ್ಟದ್ದು ಮಾತ್ರ ಇದೇ.

ಇನ್ನು ಕ್ಯಾಮ್. ವಾಲ್ವ್ ಜಾಸ್ತಿ ಹೊತ್ತು ತೆರೆದಿರಲಿ ಅಂತ ಕಾರಿನಲ್ಲಿದ್ದ ಕ್ಯಾಮನ್ನೇ ರೀಗ್ರೈಂಡ್ ಮಾಡಿಸಿದೆ, ಅಂದರೆ ಉಜ್ಜಿಸಿ ಆಕಾರ ಬದಲಿಸಿದೆ. ಆಗ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಒಳಗೆ ಬಂದ ಗಾಳಿಯೇ ಸ್ವಲ್ಪ ವಾಪಸ್ ಹೋಗುತ್ತದೆ. ಆ ನಷ್ಟ ತುಂಬಲು ಕಂಪ್ರೆಷನ್ ಏರಿಸಬೇಕು. ನನಗೆ 11 ಬೇಕಿತ್ತು, ಅಂದರೆ ಒಳಗಿನ ಗಾಳಿ ಹನ್ನೊಂದನೇ ಒಂದು ಭಾಗದ ಜಾಗಕ್ಕೆ ಕುಗ್ಗಬೇಕು. ಒಂದು ಸಿಲಿಂಡರ್ 324.7 ಸಿಸಿ, ಹಾಗಾಗಿ ಪಿಸ್ಟನ್ ತುದಿಗೆ ಬಂದಾಗ ಮೇಲೆ 32.5 ಸಿಸಿ ಜಾಗ ಮಾತ್ರ ಉಳಿಯಬೇಕು.

ಇದನ್ನು ಅಳೆಯುವುದು ತಾಳ್ಮೆಯ ಕೆಲಸ. ಹೆಡ್ಡನ್ನು ಬೋರಲು ಇಟ್ಟು, ವಾಲ್ವ್ ಕೂರಿಸಿ, ಪ್ಲಗ್ ಬಿಗಿದು, ಅಂಚಿಗೆ ಗ್ರೀಸ್ ಸವರಿ ಮೇಲೆ ಅಕ್ರಿಲಿಕ್ ತುಂಡು ಒತ್ತಿದೆ. ತುಂಡಿನಲ್ಲಿ ಒಂದು ಸಣ್ಣ ತೂತು. ಅದರ ಮೂಲಕ ಕೆಮಿಸ್ಟ್ರಿ ಲ್ಯಾಬಿನ ಬ್ಯುರೆಟ್‌ನಿಂದ ಸೀಮೆಎಣ್ಣೆ ಹನಿಹನಿಯಾಗಿ ಬಿಡುತ್ತಾ ಹೋಗಬೇಕು. ಕೊನೆಗೆ ಕಡಲೆಕಾಳಿನಷ್ಟು ಗಾಳಿಗುಳ್ಳೆ ಒಂದು ಮೂಲೆಯಲ್ಲಿ ಉಳಿಯುತ್ತದೆ. ಹೆಡ್ಡನ್ನು ಚೂರು ವಾಲಿಸಿ ಅದನ್ನು ತೂತಿನ ಹತ್ತಿರ ಓಡಿಸಿ ಹೊರಗೆ ಹಾಕಬೇಕು. ನಾಲ್ಕು ಚೇಂಬರ್ ಅಳೆದೆ, ನಾಲ್ಕೂ ಬೇರೆ ಬೇರೆ! ಚಿಕ್ಕದನ್ನು ತೀಡಿ ದೊಡ್ಡದಕ್ಕೆ ಸಮ ಮಾಡಿ, ಆಮೇಲೆ ಹೆಡ್ ಫೇಸಿಂಗ್‌ಗೆ, ಅಂದರೆ ಅದರ ತಳವನ್ನು ಸಪಾಟಾಗಿ ಹೆರೆಸಲು, ಕೊಟ್ಟೆ. ಫೇಸಿಂಗ್ ಮಾಡಿದರೆ ಹೆಡ್ ಕೆಳಗಿಳಿಯುತ್ತದೆ, ಟೈಮಿಂಗ್ ಬೆಲ್ಟಿನ ದಾರಿ ಗಿಡ್ಡವಾಗಿ ಕ್ಯಾಮ್ ಸ್ವಲ್ಪ ಹಿಂದೆ ಬೀಳುತ್ತದೆ. ಅಡ್ಜಸ್ಟ್ ಆಗುವ ಪುಲ್ಲಿ ಹಾಕದೆ ಗತಿಯಿಲ್ಲ.

ವಾಲ್ವ್ ಪಿಸ್ಟನ್ನಿಗೆ ತಗಲುತ್ತದೋ ಅಂತ ನೋಡಲು ಮಗಳ ಡಬ್ಬಿಯಿಂದ ಹಸಿರು ಕ್ಲೇ ಕದ್ದು ಪಿಸ್ಟನ್ ಮೇಲೆ ಮೆತ್ತಿ, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಬ್ಲೇಡಿನಿಂದ ಕ್ಲೇ ಸೀಳಿ ನೋಡಿದಾಗ ವಾಲ್ವಿನ ಗುರುತಿನಲ್ಲಿ ಇನ್‌ಲೆಟ್‌ಗೆ 1.5, ಎಕ್ಸಾಸ್ಟ್‌ಗೆ 2 ಮಿಲಿಮೀಟರಿಗಿಂತ ಜಾಸ್ತಿ ದಪ್ಪ ಉಳಿದಿತ್ತು. ಸಾಕು. ಎಕ್ಸಾಸ್ಟ್ ಪೈಪಿನ ಬಗ್ಗೆ ಹೇಳುವಂಥದ್ದೇನಿಲ್ಲ, ಬೆಂಡಿಂಗ್ ಗೊತ್ತಿರುವವರ ಹತ್ತಿರ ಮಾಡಿಸಿದೆ.

ಗಾಳಿ ಎಳೆಯಲು ಹಳೇ ಬೈಕಿನ ನಾಲ್ಕು ಥ್ರಾಟಲ್ ಬಾಡಿ (ಗಾಳಿಯ ಕದ ಇರುವ ಕೊಳವೆ) ಕೂರಿಸಿದ್ದೆ, ಸಿಲಿಂಡರಿಗೊಂದು. ಹೀಗೆ ಮಾಡಿದಾಗ ಮ್ಯಾನಿಫೋಲ್ಡಿನ, ಅಂದರೆ ಗಾಳಿ ಒಳಹೋಗುವ ಕೊಳವೆಯ, ಪ್ರೆಶರ್ ಕುಣಿಯುತ್ತಿರುತ್ತದೆ, ಅದನ್ನು ನಂಬಲು ಆಗುವುದಿಲ್ಲ. ಆದ್ದರಿಂದ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು ಅನ್ನೋದು ಮಾತ್ರ ಕೊಟ್ಟು ಯಾವಾಗ ಎಷ್ಟು ಪೆಟ್ರೋಲ್ ಹಾಕಬೇಕೆಂಬ ಪಟ್ಟಿ ಮಾಡಿದೆವು. ಬೆಂಗಳೂರಿನ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಚಕ್ರಕ್ಕೆ ತಲುಪುವ ಶಕ್ತಿ 66 ಬಿಎಚ್‌ಪಿ ಇದ್ದದ್ದು 89 ಆಯ್ತು. ಕುಣಿದಾಡಿಬಿಟ್ಟೆ.

ಎರಡು ವಾರ ಬಿಟ್ಟು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್. ಮೊದಲ ಮೂರು ಲ್ಯಾಪ್ ಕಾರು ಹಾರಿತು. ನಾಲ್ಕರಲ್ಲಿ ಗುಂಗು ಇಳಿಯಿತು, ಐದರಲ್ಲಿ ಹಿಂದೆ ನೀಲಿ ಹೊಗೆ. ಪಿಟ್‌ನಲ್ಲಿ ಮೂರನೇ ಪ್ಲಗ್ ಬಿಚ್ಚಿ ಭೂತಗನ್ನಡಿ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕಿ, ನಡುನಡುವೆ ಬೆಳ್ಳಿ ಬಣ್ಣದ ಮಿನುಗು. ಆ ಮಿನುಗು ನನ್ನ ಪಿಸ್ಟನ್ನೇ, ಅಲ್ಯೂಮಿನಿಯಂ ಕರಗಿ ಅಂಟಿದ್ದು. ಬಿಚ್ಚಿದಾಗ ರಿಂಗ್ ಕೂರುವ ಅಂಚು ಒಡೆದಿತ್ತು.

ಕಾರಣ ತಿಳಿದಾಗ ನಾಚಿಕೆಯಾಯ್ತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಹತ್ತಿರಹತ್ತಿರ ಶೇ. 10 ಕಮ್ಮಿ. ಅಲ್ಲಿ ಅದೇ ಥ್ರಾಟಲ್, ಅದೇ ಆರ್‌ಪಿಎಂಗೆ ಒಳಗೆ ಬರುವ ಗಾಳಿ ಜಾಸ್ತಿ, ಆದರೆ ಇಸಿಯು ಹಾಕೋದು ಬೆಂಗಳೂರಿನ ಲೆಕ್ಕದ ಪೆಟ್ರೋಲು. ಮಿಕ್ಸ್ಚರ್ ತೆಳುವಾಯಿತು, ಸಿಲಿಂಡರಿನ ಒತ್ತಡ ಏರಿತು, ಸ್ಪಾರ್ಕ್ ಟೈಮಿಂಗ್ ಮಾತ್ರ ಹಳೆಯದೇ. ಮೇಲಿಂದ ಮದರಾಸಿನ ಬಿಸಿಲು. ಮಿಕ್ಸ್ಚರ್ ತಾನಾಗೇ ಸಿಡಿದು ನಾಕಿಂಗ್ ಆಗದೆ ಇನ್ನೇನಾಗುತ್ತೆ? ಮೊದಲ ಮೂರು ಲ್ಯಾಪಿನಲ್ಲಿ ಕಾರು ಹಾರಿದ್ದೂ ಅದೇ ಜಾಸ್ತಿ ಗಾಳಿಯಿಂದ. ವರ್ಷವಿಡೀ ಗಾಳಿಯ ದಾರಿ ತೀಡಿದೆ, ಗಾಳಿಯನ್ನೇ ಅಳೆಯಲಿಲ್ಲ.

ಮತ್ತೆ ಗುಜರಿಗೆ ಹೋಗಿ ಯಾವುದೋ ಕಾರಿನ ಮ್ಯಾಪ್ ಸೆನ್ಸರ್ (ಗಾಳಿಯ ಒತ್ತಡ ಅಳೆಯುವ ಸೆನ್ಸರ್) ತಂದೆ. ಅದರ ಬಾಯಿಯನ್ನು ಯಾವ ಪೈಪಿಗೂ ಸೇರಿಸದೆ ಹೊರಗಾಳಿಗೆ ತೆರೆದಿಟ್ಟು ಇಸಿಯುಗೆ ಜೋಡಿಸಿದೆವು. ಒತ್ತಡ ಏರಿದಷ್ಟೂ ಪೆಟ್ರೋಲ್ ಏರುತ್ತದೆ. ಚೆನ್ನೈಗೆ ಸ್ಪಾರ್ಕ್ ಎರಡು ಡಿಗ್ರಿ ಹಿಂದಿಟ್ಟಿದ್ದೇನೆ. ಮುಂದಿನ ಸಲ ಹೋದಾಗ ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ತೊಡೆ ಮೇಲಿತ್ತು. ಮನೆ ಮುಂದೆ 91 ಕಿಲೋಪಾಸ್ಕಲ್. ಘಾಟಿ ಇಳಿಯುತ್ತಾ ಅಂಕಿ ಏರುತ್ತಾ ಹೋಯ್ತು. ಟ್ರ್ಯಾಕಿನ ಗೇಟಿನಲ್ಲಿ 101.

ಆ ದಿನ 12 ಲ್ಯಾಪ್ ಓಡಿಸಿ ಪ್ಲಗ್ ಬಿಚ್ಚಿದೆ. ನಾಲ್ಕೂ ತೆಳು ಕಂದು, ಅಂದರೆ ಎಲ್ಲಾ ಸರಿಯಿದೆ. ಮೋರಿ ಹೆಡ್ಡು ಇನ್ನೂ ಮಂಚದ ಕೆಳಗಿದೆ, ಬೇಕಾದವರು ಬಂದು ತಗೊಂಡು ಹೋಗಬಹುದು.